ಹಿತ್ತಾಳೆ ಚಮಚದ ಗಾಳಗಳು

ಚಮಚಗಳು ಕಾಣೆಯಾದಾಗ ನನಗೆ ಏಳು ವರ್ಷವೋ ಎಂಟೋ, ಖಚಿತವಿಲ್ಲ. ಶ್ರಾವಣದಲ್ಲಿ ಎಂದು ನನ್ನ ನೆನಪು. ಬೇಸಿಗೆಯಲ್ಲಿ ಎನ್ನುತ್ತಾನೆ ಅಣ್ಣ. ಇಂಥ ತಪ್ಪುಗಳು ಮುಂದೆಯೂ ಇರಬಹುದು. ಆಗ ನಾನು ಆಡಿದ ಒಂದು ಮಾತು ಮಾತ್ರ ಇದ್ದ ಹಾಗೇ ನೆನಪಿದೆ: "ಆಯಿ ಸೆರಗಿನ್ಯಾಗ ಹೊಳಿಯೂದು ಏನೋ ಕಟಗೊಂಡಳು. ನಾ ನೋಡೇನಿ."

ನಮ್ಮ ಮನೆಯ ಪಾತ್ರೆ ತಿಕ್ಕುತ್ತಿದ್ದ ಹೆಂಗಸನ್ನು ನಾವು ಆಯಿ ಎಂದು ಕರೆಯುತ್ತಿದ್ದೆವು. ಅವ್ವ ತವರಿನಿಂದ ತಂದ ಆರು ಹಿತ್ತಾಳೆ ಚಮಚಗಳಲ್ಲಿ ನಾಲ್ಕು ಸಿಕ್ಕಿರಲಿಲ್ಲ. ನನ್ನ ಮಾತು ಕೇಳಿ ಆಯಿಯನ್ನು ಕೆಲಸ ಬಿಡಿಸಿದರು. ಊರಲ್ಲಿ ಮತ್ತಾರೂ ಅವಳನ್ನು ಕರೆಯಲಿಲ್ಲ. ಮಗಳನ್ನು ಕರೆದುಕೊಂಡು ಸಿಂದಗಿಗೆ ಹೋದಳು. ಮುಂದೆ ನಮ್ಮ ಊರೇ ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿ, ನಾವು ಬಸವನ ಬಾಗೇವಾಡಿಗೆ ಬಂದೆವು. ಅವ್ವ ಸಾಯುವವರೆಗೂ ಆ ಕಳುವಿನ ಮಾತು ಬಿಡಲಿಲ್ಲ.

ಅಣ್ಣನದು ಹೊಲಗಳಲ್ಲಿ ಪೈಪ್‌ಲೈನ್ ಕೆಲಸ. ಮಣ್ಣಲ್ಲಿ ಹೂತ ಕಬ್ಬಿಣದ ವಾಲ್ವ್ ಹುಡುಕಲು ಅವನ ಬಳಿ ಒಂದು ಮಷೀನಿದೆ. ಕೆಳಗೆ ಲೋಹವಿದ್ದರೆ ಕೂಗುತ್ತದೆ. ಈ ಬೇಸಿಗೆಯಲ್ಲಿ ನೀರು ಸರಿದು ಹಳೆಯ ಮನೆಯ ತಳಪಾಯ ಕಾಣುತ್ತಿದೆ ಎಂದು ಕೇಳಿ, ತಲೆಬಾಗಿಲಿಗಿದ್ದ ಲೋಹದ ಬಳೆಯಾದರೂ ಸಿಕ್ಕೀತು ಎಂದು ಹೊರಟ. ನಾನೂ ಹೋದೆ.

ಮೊದಲು ಮೊಳೆಗಳು, ಎತ್ತಿನ ಒಂದು ಲಾಳ. ಆಮೇಲೆ ಹಿತ್ತಲ ಮೂಲೆಯಲ್ಲಿ, ಅಪ್ಪನ ತಮ್ಮ, ನಮ್ಮ ಕಾಕಾ, ಸೈಕಲ್ ರಿಪೇರಿ ಮಾಡುತ್ತಿದ್ದ ಜಾಗದಲ್ಲಿ ಮಷೀನು ಬಿಟ್ಟೂ ಬಿಡದೆ ಕೂಗಿತು.

"ಬಂಗಾರದ ಕೊಡಾ ಸಿಕ್ರ ನಿನಗ ಅರ್ಧಾ," ಅಂದ ಅಣ್ಣ.

"ನೀ ಅರ್ಧಾ ಕೊಡೂ ಮನುಷ್ಯಾ! ಪೇರಲಹಣ್ಣ ಸೈತ ಕಚ್ಚಿ ಕೊಡ್ತಿದ್ದಿ."

ಸಿಕ್ಕಿದ್ದು ತುಕ್ಕು ಹಿಡಿದು ಉದುರುತ್ತಿದ್ದ ಒಂದು ಡಬ್ಬಿ. ಒಳಗೆ ಹಸಿರುಗಟ್ಟಿದ, ಎಲೆಯಂಥ ನಾಲ್ಕು ತಗಡು. ಪ್ರತಿಯೊಂದರ ಎರಡೂ ತುದಿಗೆ ತೂತು. ಒಂದಕ್ಕೆ ಕೊಕ್ಕೆಯ ಚೂರು ಅಂಟಿತ್ತು. ಎತ್ತಿನ ಕೊರಳಿನದು ಎಂದು ಅಣ್ಣ, ತೊಟ್ಟಿಲಿನದು ಎಂದು ನಾನು. ದಂಡೆಯಲ್ಲಿ ಬಲೆ ಹೊಲಿಯುತ್ತಿದ್ದ ಮುದುಕರೊಬ್ಬರಿಗೆ ತೋರಿಸಿದೆವು.

"ಎರಡೂ ಅಲ್ರಿ ಅಕ್ಕಾರ. ಇವು ಗಾಳ," ಅಂದರು ಅವರು. "ದಾರ ಈ ಕಡಿ, ಕೊಕ್ಕಿ ಆ ಕಡಿ. ನೀರಾಗ ಎಳದ್ರ ಸಣ್ಣ ಮೀನ ಓಡಿದಂಗ ಹೊಳಿತೈತಿ. ದೊಡ್ಡ ಮೀನ ಬಂದು ಬಾಯಿ ಹಾಕತೈತಿ."

"ಹುಳಾ ಬ್ಯಾಡೇನ್ರಿ?"

"ಬ್ಯಾಡ್ರಿ. ಹೊಟ್ಟಿಪಾಡಿನವ್ರು ನಾವು ಬಲಿ ಹಾಕ್ತೇವಿ, ಇದು ಹೌಸಿಗೆ, ಮೋಜಿಗೆ ಹಿಡಿಯವ್ರ ಕೆಲಸ. ಯಾರೋ ಚಮಚಾದ ಹಿಡಿಕಿ ಕತ್ತರಿಸಿ, ಅರ ಹಾಕಿ ತಿಕ್ಕಿ ಮಾಡ್ಯಾರ."

ಮನೆಗೆ ಬಂದು, ಆಯಿ ತಿಕ್ಕುತ್ತಿದ್ದ ಹಾಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ತಗಡುಗಳ ಬೆನ್ನ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಅವ್ವನ ಹೆಸರು ಕಂಡಿತು. ಅಂಥ ಹೆಸರಿನವರು ನಮ್ಮ ಕಡೆ ಎಷ್ಟೋ ಮಂದಿ ಎಂದು ನನಗೆ ನಾನೇ ಹೇಳಿಕೊಂಡೆ. ಉಳಿದಿದ್ದ ಎರಡು ಚಮಚಗಳ ಪಕ್ಕ ಇಟ್ಟು ನೋಡಿದ ಮೇಲೆ ಹಾಗೆ ಹೇಳಿಕೊಳ್ಳಲಾಗಲಿಲ್ಲ. ನಮ್ಮದು ಮೀನು ತಿನ್ನದ ಮನೆ, ಗಾಳ ಹಾಕುವವರು ಕದ್ದೇ ಹಾಕಬೇಕು. ಅರ ಇದ್ದದ್ದು ಕಾಕಾ ಹತ್ತಿರ ಮಾತ್ರ.

ಆಯಿ ಈಗಿಲ್ಲ. ಮಗಳು ಸಿಂದಗಿಯಲ್ಲೇ ಇದ್ದಾಳಂತೆ. ನಿನ್ನ ಅವ್ವ ಕದ್ದಿರಲಿಲ್ಲ ಎಂದು ಅವಳಿಗೆ ಹೇಳಬೇಕು. ಹಾಗಾದರೆ ನೀನು ನೋಡಿದ್ದೇನು ಎಂದು ಅವಳು ಕೇಳಿದರೆ? ಆ ಸೆರಗಿನ ಗಂಟು, ಅದರೊಳಗಿನ ಹೊಳಪು ಇವತ್ತಿಗೂ ನನ್ನ ಕಣ್ಣಮುಂದಿವೆ. ಚಮಚ ಅಲ್ಲಿ ಇರಲೇ ಇಲ್ಲ. ಈಚೆಗೆ ಇನ್ನೊಂದು ನೆನಪೂ ಬರುತ್ತಿದೆ: ಕಾಕಾ ನನ್ನನ್ನು ಸೈಕಲ್ಲಿನ ಮೇಲೆ ಕೂರಿಸಿ, ಕೈಗೆ ಬತ್ತಾಸು ಕೊಟ್ಟು, ಏನೋ ಮೆಲ್ಲಗೆ ಹೇಳಿಕೊಡುತ್ತಿದ್ದಾರೆ. ಇದು ನಡೆದದ್ದೋ, ಗಾಳ ಸಿಕ್ಕ ಮೇಲೆ ನಾನು ಕಟ್ಟಿಕೊಂಡದ್ದೋ ತಿಳಿಯದು. ನನ್ನ ತಪ್ಪನ್ನು ಕಡಿಮೆ ಮಾಡಿಕೊಳ್ಳಲು ಇದು ತೀರಾ ಅನುಕೂಲವಾಗಿದೆ.

ಗಾಳಗಳನ್ನು ಕಟ್ಟಿಕೊಂಡು ಇಂಡಿಯಲ್ಲಿರುವ ಕಾಕಾ ಮನೆಗೆ ಹೋದೆ. ಅಂಗೈಯಲ್ಲಿ ಇಟ್ಟ ಕೂಡಲೇ ಅವರ ಮುಖ ಅರಳಿತು.

"ಎಲ್ಲಿ ಸಿಕ್ಕೂವು ಯವ್ವಾ ಇವು? ಆಣೆಕಟ್ಟಿನ ಕೆಲಸಕ್ಕ ಬಂದ ಡ್ರೈವರ ಒಬ್ಬಾಂವ ಮಾಡಾಕ ಕಲಿಸಿದ್ದ. ಹಿಡದ ಮೀನ ಅವಂಗ ಕೊಡ್ತಿದ್ದೆ. ನಾ ಬಾಯಾಗ ಹಾಕಿಲ್ಲ, ಖರೇ ಹೇಳ್ತೇನಿ."

ಒಂದನ್ನು ತಿರುಗಿಸಿದರು. ಹೆಬ್ಬೆರಳು ಚುಕ್ಕಿಗಳ ಮೇಲೆ ನಿಂತಿತು. "ಚಾ ಕುಡದ ಹೋಗು" ಅಂದರು. ಚಹಾ ಬರುವ ಮೊದಲೇ ನಾನು ಕೇಳಿದೆ. ಎರಡು ತಿಂಗಳಾಯಿತು, ಅವರು ಏನೂ ಹೇಳಿಲ್ಲ. ನಾನೂ ಸಿಂದಗಿಗೆ ಹೋಗಿಲ್ಲ. ಅವತ್ತು ನಾನು ಕೇಳಿದ್ದು ಇಷ್ಟೇ:

"ಕಾಕಾ, ಆಯಿ ಸೆರಗಿನ್ಯಾಗ ನಾ ಏನರ ನೋಡಿದ್ನೇನ್ರಿ, ಇಲ್ಲಾ ನೋಡೇನಿ ಅನ್ನು ಅಂತ ನೀವು ಹೇಳಿದ್ರೇನ್ರಿ?"