ಹಸುವಿನ ಕೊರಳಲ್ಲಿ ನನ್ನ ನಂಬರು

“ನಿಮ್ಮ ಹಸು ನಮ್ಮ ಹಿತ್ಲಲ್ಲಿ ಸೊಪ್ಪು ಮೇಯ್ತೈತೆ, ಬಂದು ಹಿಡ್ಕೊಂಡು ಹೋಗ್ರೀ” ಎಂದು ಅಜ್ಜಂಪುರದಿಂದ ಹೆಂಗಸೊಬ್ಬರು ಫೋನ್ ಮಾಡಿದರು. ಕಡೂರಿನ ನನ್ನ ಬಾಡಿಗೆ ಮನೆಯಲ್ಲಿ ಹಸು ಹಾಗಿರಲಿ, ಒಂದು ಬೆಕ್ಕೂ ಇಲ್ಲ. ಆದರೆ ಕೊರಳಿನ ಚರ್ಮದ ಪಟ್ಟಿಯಲ್ಲಿ ಅಚ್ಚು ಹೊಡೆದಿರುವುದು ನನ್ನದೇ ನಂಬರಂತೆ.

ತಟ್ಟನೆ ತರೀಕೆರೆಯ ಬೆಲ್ಟ್ ಅಂಗಡಿಯ ಸಾಬರು ನೆನಪಾದರು. ನನ್ನ ಚರ್ಮದ ಕೀಚೈನಿಗೆ ಸುತ್ತಿಗೆಯಿಂದ ಗಾಡಿ ನಂಬರು ಹೊಡೆದುಕೊಟ್ಟವರು ಅವರೇ. ಆರಕ್ಕೂ ಒಂಬತ್ತಕ್ಕೂ ಅವರ ಬಳಿ ಒಂದೇ ಅಚ್ಚು; ತಿರುಗಿಸಿ ಹೊಡೆಯುತ್ತಾರೆ. ಈ ಪಟ್ಟಿಗೆ ತಿರುಗಿಸುವುದನ್ನು ಮರೆತಿರಬೇಕು. ನನ್ನ ನಂಬರಿನ ಕೊನೆಯ ಒಂಬತ್ತನ್ನು ಆರು ಮಾಡಿ ಫೋನ್ ಹಚ್ಚಿದೆ. ಬೆಳಗಿನಿಂದ ಹಸು ಹುಡುಕುತ್ತಿದ್ದ ಅಜ್ಜ ಸಿಕ್ಕರು.

ಪಟ್ಟಿ ಬದಲಾಯಿಸಿ ಎಂದರೆ, “ನಾನು ಹೊಲದಲ್ಲಿದ್ರೆ ಫೋನ್ ಕೇಳ್ಸಲ್ಲ, ನೀನಾದ್ರೆ ಎತ್ತೀಯ. ಇರ್ಲಿ ಬಿಡವ್ವಾ” ಎಂದರು.

ಮೊನ್ನೆ ಮತ್ತೆ ಯಾರೋ ಫೋನ್ ಮಾಡಿ ಕೇಳಿದರು. “ಹೌದು, ನಮ್ಮ ಹಸುವೇ” ಎಂದುಬಿಟ್ಟೆ.