ಸೊನ್ನೆಗಳ ಫೈಲು

ಧಾರವಾಡದ ಗಿರಿಜಾ ವಿಶಾಖಪಟ್ಟಣದ ಕಾರ್ಖಾನೆಯೊಂದರಲ್ಲಿ ಹನ್ನೊಂದು ವರ್ಷ ಕಂಪನದ ಲೆಕ್ಕ ಮಾಡಿದಳು. ಎಂಬತ್ತೆಂಟರಲ್ಲಿ ದೊಡ್ಡ ಫ್ಯಾನೊಂದರ ಅಡಿಪಾಯದ ಲೆಕ್ಕ ಬಂತು. ಅಂಕಿಗಳನ್ನು ಸಾಲುಸಾಲಾಗಿ ಜೋಡಿಸಿದ ಮ್ಯಾಟ್ರಿಕ್ಸಿನಲ್ಲಿ ಮುಕ್ಕಾಲು ಪಾಲು ಸೊನ್ನೆ. ಅವನ್ನು ಬಿಟ್ಟು, ಉಳಿದ ಅಂಕಿಗಳಿಂದಲೇ ಐಗೆನ್ ಮೌಲ್ಯ, ಅಂದರೆ ಅಡಿಪಾಯದ ಸಹಜ ಕಂಪನದ ಲೆಕ್ಕ, ತೆಗೆದಳು. ಫ್ಯಾನ್ ತಿರುಗಿದರೆ ಅಡಿಪಾಯವೂ ಅದೇ ತಾಳಕ್ಕೆ ಕುಣಿಯುತ್ತದೆಂದು ಎರಡು ಹಾಳೆಯಲ್ಲಿ ಬರೆದುಕೊಟ್ಟಳು.

ಮೇಲಧಿಕಾರಿ, ಮೈಸೂರಿನ ರಮಾಕಾಂತರಾಯರು ಮೂಗು ಮುರಿದರು. "ಎರಡೇ ಹಾಳೇನಮ್ಮಾ? ಸೊನ್ನೆಗಳನ್ನೂ ಪ್ರಿಂಟ್ ಮಾಡಿಸು. ಫೈಲಿಗೊಂದು ತೂಕ ಬೇಡ್ವಾ?"

"ತೂಕ ಬೇಕಂದ್ರ ಇಟ್ಟಂಗಿ ಇಡ್ರಿ ಸರ್," ಎಂದಳು ಗಿರಿಜಾ.

ಮೇಲೆ ಗಿರಿಜಾಳ ಎರಡು ಹಾಳೆ, ಕೆಳಗೆಲ್ಲ ಸೊನ್ನೆ; ಇಟ್ಟಂಗಿಯಷ್ಟೇ ದಪ್ಪದ ಫೈಲು ತಯಾರಾಯಿತು. ರಾಯರು ಓದದೆ ಸಹಿ ಹಾಕಿದರು.

ಫ್ಯಾನ್ ಶುರುವಾದ ದಿನ ರಾಯರ ಮೇಜು ಗಡಗಡ ನಡುಗಿ ಕಾಫಿ ಚೆಲ್ಲಿತು. ಮೇಜು ಕುಣಿಯದಿರಲೆಂದು ಅವರು ಅದೇ ಫೈಲನ್ನು ಅದರ ಮೇಲೆ ಭಾರಕ್ಕಿಟ್ಟರು. ಮೊದಲೆರಡು ಹಾಳೆಗಳನ್ನು ಆಗಲೂ ಓದಲಿಲ್ಲ.