ಫ್ಯೂಸಣ್ಣನ ತೊಟ್ಟಿಯ ಹನ್ನೊಂದು ಮರಿಗಳು

ಮೂವತ್ತೆರಡು ವರ್ಷ ಕರೆಂಟಿನ ಜೊತೆ ಕೆಲಸ ಮಾಡಿ, ಕೈಕಾಲು ನೆಟ್ಟಗಿಟ್ಟುಕೊಂಡು ನಿವೃತ್ತನಾದವನಿಗೆ ಒಂದು ಅಭ್ಯಾಸ ಸಾಯುವತನಕ ಬಿಡುವುದಿಲ್ಲ. ಮೊದಲು ಫ್ಯೂಸ್ ಕೀಳು, ಏನಾಗಿದೆ ಅಂತ ಆಮೇಲೆ ನೋಡು. ದೀಪ ಮಿಣುಕಿದರೂ ಫ್ಯೂಸ್, ಮಿಕ್ಸಿ ಮುಲುಗಿದರೂ ಫ್ಯೂಸ್. ಬೀದಿಯವರು ಅವನಿಗೆ ಫ್ಯೂಸಣ್ಣ ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಅಷ್ಟಕ್ಕೇ ನಿಂತಿದ್ದರೆ ಯಾರ ಗಂಟು ಹೋಗುತ್ತಿತ್ತು? ಮನುಷ್ಯರ ವಿಷಯಕ್ಕೂ ಅವನದು ಅದೇ ಕಾಯಿದೆ. ತಮ್ಮನೊಂದಿಗೆ ಒಂದು ಮಾತು ಹೆಚ್ಚುಕಮ್ಮಿ ಆಯಿತು; ಹದಿನಾಲ್ಕು ವರ್ಷದಿಂದ ಮುಖ ನೋಡಿಲ್ಲ. ಮೇಲಿನ ಮನೆಯವನೊಂದಿಗೆ ನಲ್ಲಿ ನೀರಿಗೆ ಜಗಳವಾಯಿತು. ಅವತ್ತಿನಿಂದ ಆ ಮೆಟ್ಟಿಲು ಹತ್ತಿಲ್ಲ. ಕೆಟ್ಟವನೇನಲ್ಲ, ತನ್ನವರಿಗೆ ಶಾಕ್ ಹೊಡೆಯಬಾರದು ಅನ್ನುವುದಷ್ಟೇ ಅವನ ಆಸೆ.

"ಬಿಡಿಸಿ ಇಟ್ಟುಬಿಟ್ರೆ ಯಾರಿಗೂ ಏನೂ ಆಗಲ್ಲ ಕಣೇ" ಎನ್ನುತ್ತಿದ್ದ ಹೆಂಡತಿಗೆ.

"ಹೌದು ರೀ, ದೀಪಾನೂ ಉರಿಯಲ್ಲ" ಎನ್ನುತ್ತಿದ್ದಳು ಆಕೆ.

ಇಂಥ ಮನುಷ್ಯನ ಒಬ್ಬಳೇ ಮಗಳು ಏಳು ತಿಂಗಳ ಬಸುರಿ, ಹೊಟ್ಟೆಯಲ್ಲೇ ಮಗುವನ್ನು ಕಳೆದುಕೊಂಡಳು. ಅಳಿಯ ಲಾರಿ ಡ್ರೈವರ್, ಆ ಹೊತ್ತಿಗೆ ಎರಡು ದಿನದ ದಾರಿಯಾಚೆ ಇದ್ದ. ಬಿದ್ದು ಎದ್ದು ಓಡಿಬಂದವನನ್ನು ಫ್ಯೂಸಣ್ಣ ಆಸ್ಪತ್ರೆಯ ಬಾಗಿಲಲ್ಲೇ ತಡೆದ. "ಈಗ ಬರಬೇಡಿ. ನಿಮ್ಮ ಮುಖ ನೋಡಿದ್ರೆ ಅವಳಿಗೆ ಸಂಕಟ ಜಾಸ್ತಿ. ಅವಳೇ ಹೇಳಿದಾಳೆ" ಎಂದುಬಿಟ್ಟ. ಅವಳು ಹಾಗೆ ಹೇಳಿರಲೇ ಇಲ್ಲ! ಕಷ್ಟದ ಹೊತ್ತಿಗೆ ಇಲ್ಲದೇ ಹೋದ ತಪ್ಪು ತನ್ನದೇ ಎಂದು ಒಳಗೊಳಗೇ ಬೇಯುತ್ತಿದ್ದ ಆ ಬಡಪಾಯಿ, ಮಾವನ ಮಾತನ್ನು ನಂಬಿ ತಲೆತಗ್ಗಿಸಿ ಹೊರಟುಹೋದ.

ಮಗಳನ್ನು ಮನೆಗೆ ಕರೆತಂದವನೇ ಅವಳ ಫೋನು ಆರಿಸಿ, ತನ್ನ ಸಾಮಾನಿನ ಚೀಲದಲ್ಲಿ ಟೆಸ್ಟರು, ಕಟಿಂಗ್ ಪ್ಲೇಯರುಗಳ ಅಡಿಗೆ ತುರುಕಿದ. "ಕೆಟ್ಟಿದೆ ಪುಟ್ಟಿ, ರಿಪೇರಿಗೆ ಕೊಟ್ಟಿದೀನಿ" ಎಂದ. ಅಳಿಯನೋ, ದಿನಾ ಮಧ್ಯಾಹ್ನ ಒಂದೂವರೆಗೆ, ಲಾರಿ ನಿಲ್ಲಿಸಿ ಊಟಕ್ಕೆ ಕೂರುವ ಹೊತ್ತಿಗೆ, ಮಾವನಿಗೆ ಫೋನ್ ಮಾಡುತ್ತಿದ್ದ. ಫ್ಯೂಸಣ್ಣ ಹಿಂಬಾಗಿಲಿಗೆ ಹೋಗಿ, ದನಿ ತಗ್ಗಿಸಿ, "ಮಲಗಿದಾಳೆ, ಎದ್ದ ಮೇಲೆ ಹೇಳ್ತೀನಿ" ಎನ್ನುತ್ತಿದ್ದ. ಹೀಗೇ ನಲವತ್ತು ದಿನ. ಗಂಡ ತನ್ನನ್ನು ಮರೆತೇಬಿಟ್ಟ ಎಂದುಕೊಂಡ ಮಗಳು ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಬಾಯಿಬಿಟ್ಟು ಕೇಳಬಹುದಿತ್ತಲ್ಲ ಅಂದರೆ, ಅವಳೂ ಇದೇ ಅಪ್ಪನ ಮಗಳು, ಹಠಕ್ಕೇನು ಕಮ್ಮಿ? "ಎಷ್ಟು ದಿನ ಅಂತ ರೀ ಈ ನಾಟಕ?" ಎಂದು ಹೆಂಡತಿ ಅಡುಗೆಮನೆಯಲ್ಲಿ ಹಲ್ಲು ಕಚ್ಚಿ ಕೇಳಿದರೆ, "ಸ್ವಲ್ಪ ಸುಧಾರಿಸಿಕೊಳ್ಳಲಿ ಕಣೇ" ಎಂದು ಜಾರಿಕೊಳ್ಳುತ್ತಿದ್ದ.

ನಡುಮನೆಯಲ್ಲಿ ಅವನದೊಂದು ಗಾಜಿನ ತೊಟ್ಟಿ. ನಿವೃತ್ತಿಯಾದ ಮೇಲೆ ಹೊತ್ತು ಹೋಗಲೆಂದು ತಂದದ್ದು. ಒಳಗೆ ನಾಲ್ಕು ಡಿಸ್ಕಸ್ ಮೀನು, ಅಂಗೈಯಗಲ, ಅಪ್ಪಟ ದುಂಡು. ಗಂಡು ಯಾವುದು, ಹೆಣ್ಣು ಯಾವುದು ಅಂತ ದೇವರಿಗೇ ಗೊತ್ತು. ಮಗಳು ಬಂದು ಇಪ್ಪತ್ತು ದಿನವಾಗಿರಬೇಕು, ಒಂದು ಬೆಳಿಗ್ಗೆ ನೋಡಿದರೆ ಎರಡು ಮೀನು ಬಾಲದ ಕಡೆ ಕಪ್ಪಿಟ್ಟಿದ್ದವು. ಮಿಕ್ಕೆರಡನ್ನು ಮೂಲೆಗೆ ಅಟ್ಟಿ, ಹತ್ತಿರ ಬಂದರೆ ಗುದ್ದುತ್ತಿದ್ದವು. ಜಗಳ ಅಂದಮೇಲೆ ಫ್ಯೂಸಣ್ಣನಿಗೆ ಬೇರೆ ಯೋಚನೆ ಉಂಟೇ? ಏಟು ತಿಂದ ಎರಡನ್ನೂ ಹಿಡಿದು ಮೀನಂಗಡಿಗೇ ವಾಪಸ್ ಒಯ್ದ.

ಮೀನಂಗಡಿಯವನು ಕಿವಿ ನಿಮಿರಿಸಿದ. "ಹೊಡೆಯೋ ಎರಡೂ ಒಂದಕ್ಕೊಂದು ತಲೆ ಬಾಗಿಸ್ತವಾ? ಮೈ ನಡುಗಿಸ್ತವಾ? ಎಲ್ಲಾದ್ರೂ ಒಂದೇ ಜಾಗನ ಬಾಯಲ್ಲಿ ಒರೆಸಿ ಒರೆಸಿ ಇಡ್ತಿದಾವಾ?"

"ಹೌದಪ್ಪ, ಫಿಲ್ಟರ್ ಪೈಪನ್ನ. ಕಾಯಿಲೆನಾ?"

"ಕಾಯಿಲೆ ಏನ್ ಬಂತು ಅಣ್ಣ, ಸಂಸಾರ! ಮೊಟ್ಟೆ ಇಡ್ತವೆ. ಮೊದಲ ಸಲ ಗಾಬರಿಗೆ ತಿಂದುಹಾಕಿದ್ರೂ ಹಾಕ್ತವೆ, ಆಮೇಲೆ ತಾವೇ ಕಲೀತವೆ. ಬೇಕಿದ್ರೆ ಮೊಟ್ಟೆ ಸುತ್ತ ಜಾಲರಿ ಕಟ್ಟಿ. ನೀವು ಮಾತ್ರ ಕೈ ಹಾಕಬೇಡಿ."

ಕೈ ಹಾಕಬೇಡ ಎಂದು ಯಾರಿಗೆ ಹೇಳಿದ ನೋಡಿ!

ಮಾರನೆಯ ದಿನ ಹೆಂಡತಿ, "ರೀ, ಪೈಪಿಗೆ ಸಾಬೂದಾನಿ ಅಂಟಿದ ಹಾಗಿದೆ, ತೊಳೆದಿಲ್ವಾ?" ಎಂದು ಕೂಗಿದಳು. ಸಾಲುಸಾಲಾಗಿ ಮೊಟ್ಟೆ. ಎರಡೂ ಮೀನು ಸರದಿಯ ಮೇಲೆ, ಗಾಳಿ ಬೀಸಿದ ಹಾಗೆ, ಅವುಗಳ ಮುಂದೆ ರೆಕ್ಕೆ ಆಡಿಸುತ್ತಿದ್ದವು. ಗಲಾಟೆಗೆ ಮಗಳು ಎದ್ದು ಬಂದಳು. ಕುರ್ಚಿ ಎಳೆದುಕೊಂಡು ಸಂಜೆಯವರೆಗೂ ತೊಟ್ಟಿಯ ಮುಂದೆ ಕೂತಳು. ಗಂಡಹೆಂಡತಿ ಮುಖ ಮುಖ ನೋಡಿಕೊಂಡರು.

ಬೆಳಿಗ್ಗೆ ಪೈಪು ಬೋಳಾಗಿತ್ತು.

"ತಿಂದುಬಿಟ್ವು ಅಪ್ಪ" ಎಂದಳು ಮಗಳು. ಅಷ್ಟೇ. ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದಳು, ಎರಡು ದಿನ ತುತ್ತು ಮುಟ್ಟಲಿಲ್ಲ. ಫ್ಯೂಸಣ್ಣ ಆ ಮೀನುಗಳನ್ನು ಬೈದ ಬೈಗುಳ ಬರೆಯುವಂಥದ್ದಲ್ಲ. ಬೈದು ಬೈದು ಬಚ್ಚಲಿಗೆ ಹೋಗಿ ಅತ್ತ.

ಒಂಬತ್ತನೆಯ ದಿನ ಮತ್ತೆ ಮೊಟ್ಟೆ; ಇಡುವಾಗಲೇ ಕಂಡದ್ದರಿಂದ ಹೆಣ್ಣು ಯಾವುದು ಅಂತಲೂ ಗೊತ್ತಾಯಿತು. ಈ ಸಲ ಅವನು ಕಾಯಲಿಲ್ಲ. ಬಟ್ಟೆ ನೆನೆಸುವ ಟಬ್ಬಿಗೆ, ತೊಟ್ಟಿಯಲ್ಲಿದ್ದಂತೆ ನೀರು ಬೆಚ್ಚಗಿರಲೆಂದು, ಇನ್ನೊಂದು ಹೀಟರ್ ಹಾಕಿ, ಮೀನುಗಳೆರಡನ್ನೂ ಬಲೆಯಲ್ಲಿ ಹಿಡಿದು ಅದಕ್ಕೆ ಬಿಟ್ಟು, ಮೇಲೊಂದು ಹಲಗೆ ಮುಚ್ಚಿದ. "ಈಗ ಯಾರು ತಿಂತಾರೋ ನೋಡೇಬಿಡ್ತೀನಿ" ಎಂದ.

ಅರ್ಧಕ್ಕರ್ಧ ಮೊಟ್ಟೆ ಬಿಳಿಚಿ ಹಾಳಾದವು. ಆದರೂ ಮೂರನೆಯ ದಿನ ಪೈಪಿನ ಮೇಲೆ ರೆಪ್ಪೆಗೂದಲಿನಂಥ ಬಾಲಗಳು ಅಲುಗಾಡಿದವು. ಮಗಳು ಬೆರಳಿಟ್ಟು ಎಣಿಸಿದಳು, ಎಪ್ಪತ್ತರ ತನಕ ಹೋಗಿ ಲೆಕ್ಕ ತಪ್ಪಿತು, ಮತ್ತೆ ಮೊದಲಿಂದ ಎಣಿಸಿದಳು. ಅವತ್ತು ಕೇಳಿ ಊಟ ಹಾಕಿಸಿಕೊಂಡಳು. ಫ್ಯೂಸಣ್ಣ ಬೀದಿಯ ಕೊನೆತನಕ ಎದೆಯುಬ್ಬಿಸಿಕೊಂಡು ನಡೆದುಹೋಗಿ ಬಂದ, ಕೆಲಸವೇನೂ ಇರಲಿಲ್ಲ.

ಮತ್ತೆ ಮೂರು ದಿನಕ್ಕೆ ಮರಿಗಳು ಪೈಪು ಬಿಟ್ಟು ಈಜಿದವು. ಆದರೆ ಈಜಿದ ರೀತಿ ಮಾತ್ರ ಯಾಕೋ ಸರಿ ಕಾಣಲಿಲ್ಲ. ಎಲ್ಲವೂ ಹೋಗಿ ಹೋಗಿ ತೊಟ್ಟಿಯ ಕಪ್ಪು ಹೀಟರಿಗೆ ಮುಖ ಒತ್ತುತ್ತಿದ್ದವು. ಉಜ್ಜಿ, ಏನೂ ಸಿಗದೆ ದೂರ ಸರಿದು, ಮತ್ತೆ ಅಲ್ಲಿಗೇ ಬರುತ್ತಿದ್ದವು.

"ಏನು ಹುಡುಕ್ತಿವೆ ಅಪ್ಪ?"

"ಹಸಿವು ಇರಬೇಕು ಪುಟ್ಟಿ." ಬೇಯಿಸಿದ ಮೊಟ್ಟೆಯ ಹಳದಿ ಅರೆದು ಹಾಕಿದ. ಒಂದೂ ಮೂಸಲಿಲ್ಲ, ನೀರು ಮಾತ್ರ ಕೆಟ್ಟಿತು. ಮಾರನೆಯ ದಿನ ಹನ್ನೆರಡರ ಹೊತ್ತಿಗೆ ತಳದಲ್ಲಿ ಧೂಳು ಕೂತಂತೆ ಬಹುಪಾಲು ಮರಿಗಳು ಸತ್ತು ಬಿದ್ದಿದ್ದವು. ಫ್ಯೂಸಣ್ಣ ಮೀನಂಗಡಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಹಿಡಿದ.

"ಅಯ್ಯೋ, ಅಪ್ಪ ಅಮ್ಮನ್ನ ತೆಗೆದುಬಿಟ್ರಾ?" ಎಂದ ಅಂಗಡಿಯವನು. "ಈ ಜಾತಿ ಮರಿಗೆ ಅವರ ಮೈಯೇ ಊಟ ಅಣ್ಣ. ಮರಿ ಆದಾಗ ಎರಡರ ಮೈಮೇಲೂ ಒಂಥರಾ ಲೋಳೆ ಬರುತ್ತೆ, ಅದನ್ನೇ ಮೇಯ್ತವೆ. ಗಂಡೂ ಉಣಿಸುತ್ತೆ, ಹೆಣ್ಣೂ ಉಣಿಸುತ್ತೆ. ಕಪ್ಪಗೆ ಕಂಡಿದ್ದನ್ನೆಲ್ಲ ಅಪ್ಪ ಅಮ್ಮ ಅಂದ್ಕೊಂಡು ಹೋಗ್ತಿವೆ, ಪಾಪ. ಈಗಲೇ ವಾಪಸ್ ಬಿಡಿ. ಒಪ್ಪಿಕೊಂಡ್ರೂ ಒಪ್ಪಿಕೊಳ್ಳಬಹುದು, ತಿಂದ್ರೂ ತಿನ್ನಬಹುದು."

ಫ್ಯೂಸಣ್ಣ ಬಲೆ ಹಿಡಿದು ಟಬ್ಬಿನ ಮುಂದೆ ಕಂಬದ ಹಾಗೆ ನಿಂತ. ಮಗಳ ಕಣ್ಣೆದುರಿಗೇ ತಿಂದುಬಿಟ್ಟರೆ? ಹೆಂಡತಿ ಸೆರಗಿನ ತುದಿ ಬಾಯಿಗೊತ್ತಿಕೊಂಡಿದ್ದಳು.

"ಬಿಡು ಅಪ್ಪ" ಎಂದಳು ಮಗಳು. "ತಿಂದ್ರೆ ತಿನ್ನಲಿ. ಹುಡುಕಿ ಹುಡುಕಿ ಸಾಯೋದು ನೋಡೋಕಾಗಲ್ಲ ನನಗೆ."

ಹೀಟರಿನ ಸ್ವಿಚ್ಚು ಆರಿಸಿ, ಕೆಟ್ಟ ನೀರು ಅರ್ಧ ಬದಲಿಸಿ, ಬಿಸಿ ಸರಿನೋಡಿ, ದೊಡ್ಡ ಮೀನುಗಳನ್ನು ಒಂದೊಂದಾಗಿ ತೊಟ್ಟಿಗೆ ಬಿಟ್ಟ. ಹೆಣ್ಣು ಮೂಲೆಗೆ ಹೋಗಿ ಅವಿತಿತು. ಗಂಡು ಅಲ್ಲಾಡದೆ ನಿಂತಿತು. ಒಂದು ಮರಿ ಹೀಟರು ಬಿಟ್ಟು ಅದರ ಕಡೆ ಹೊರಟಿತು. ಮೂವರೂ ಗಾಜಿಗೆ ಬಗ್ಗಿದರು. ಮರಿ ಹೋಗಿ ಅಪ್ಪನ ಪಕ್ಕೆಗೆ ಅಂಟಿಕೊಂಡಿತು, ಅದರ ಹಿಂದೆ ಇನ್ನೊಂದು, ಮತ್ತೆ ನಾಲ್ಕು. ಗಂಡು ಮೀನು ಬಾಯಿ ತೆರೆಯಲಿಲ್ಲ, ನಿಂತಲ್ಲೇ ನಿಂತು ಮೇಯಿಸಿತು.

"ಹನ್ನೊಂದು" ಎಂದಳು ಮಗಳು. "ಹನ್ನೊಂದು ಉಳೀತು ಅಪ್ಪ. ಅದು ಇಷ್ಟು ದಿನ ಟಬ್ಬಲ್ಲಿ ಕತ್ತಲಲ್ಲಿ ಕಾಯ್ತಾ ಇತ್ತು ಅಲ್ವಾ?"

ಫ್ಯೂಸಣ್ಣ ಮೊಣಕೈತನಕ ನೀರಲ್ಲಿ ಕೈಯಿಟ್ಟು, ಸತ್ತವನ್ನು ಬಾಚುವ ನೆಪ ಮಾಡಿ ಮುಖ ತಿರುಗಿಸಿಕೊಂಡ. ಆಗ ಅಂಗಿಯ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಗೋಡೆ ಗಡಿಯಾರ ನೋಡುವ ಅಗತ್ಯವೇ ಇರಲಿಲ್ಲ. ಒಂದೂವರೆ.

ಕೈ ಒರೆಸಿಕೊಂಡು ಹಿಂಬಾಗಿಲಿಗೆ ಹೋಗಬಹುದಿತ್ತು. ನಲವತ್ತು ದಿನ ಹೋಗಿದ್ದವನಿಗೆ ಇನ್ನೊಂದು ದಿನ ದೊಡ್ಡದಲ್ಲ. ಹೆಂಡತಿ ಅವನನ್ನೇ ದಿಟ್ಟಿಸುತ್ತಿದ್ದಳು.

"ಕೈ ಒದ್ದೆ ಪುಟ್ಟಿ" ಎಂದ. "ನೀನೇ ತೆಗಿ."

ಮಗಳು ಜೇಬಿನಿಂದ ಫೋನು ತೆಗೆದು, ಹೆಸರು ನೋಡಿ, ತಡವರಿಸಿ ಕಿವಿಗಿಟ್ಟುಕೊಂಡಳು. ಹಲೋ ಎನ್ನುವುದಕ್ಕೂ ಬಿಡಲಿಲ್ಲ ಆ ಕಡೆಯವನು. ಲಾರಿಗಳ ಸದ್ದಿನ ನಡುವೆ, ದಿನಾ ಕೇಳಿ ಕೇಳಿ ಸವೆದ ದನಿಯಲ್ಲಿ ಕೇಳಿಯೇಬಿಟ್ಟ:

"ಮಾವ, ಇವತ್ತೂ ಮಲಗಿದಾಳಾ?"

ಮಗಳು ಅಪ್ಪನ ಕಡೆ ನೋಡಿದಳು. ಆ ನೋಟಕ್ಕೆ ಅವನು ಮುಖ ಕೊಡಲಿಲ್ಲ, ಬಗ್ಗಿ ಸಾಮಾನಿನ ಚೀಲಕ್ಕೆ ಒದ್ದೆ ಕೈ ಹಾಕಿ, ಟೆಸ್ಟರು ಪ್ಲೇಯರುಗಳನ್ನು ಸರಿಸಿ, ಅಡಿಯಿಂದ ಅವಳ ಫೋನು ತೆಗೆದು ಅವಳ ಮುಂದೆ ಇಟ್ಟ.

"ಇಲ್ಲ ರೀ" ಎಂದಳು ಅವಳು. "ಎದ್ದೇ ಇದೀನಿ. ಆವತ್ತಿಂದಲೂ ಎದ್ದೇ ಇದೀನಿ."